ಕಡಲ ದಂಡೆಯ ನಾಯಿ, ಮುಂಡರಗಿಯ ರೊಟ್ಟಿ

ಹೋದ ತಿಂಗಳು ಗದಗಿನಿಂದ ಮುಂಡರಗಿಗೆ ಹೊರಟ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿನ ಹೆಣ್ಣುಮಗಳು ಕಾಲ ಸಂದಿಯಲ್ಲಿ ಒಂದು ಕೈಚೀಲ ಇಟ್ಟುಕೊಂಡಿದ್ದಳು. ಕಪ್ಪತಗುಡ್ಡ ಕಾಣಿಸಿಕೊಂಡು ಬಿಸಿಲು ಒಳಗೆ ನುಗ್ಗುತ್ತಲೇ ಚೀಲದ ವಾಸನೆ ಬಸ್ಸಿಗೆಲ್ಲ ಹರಡಿತು. ಒಣಮೀನು. ಮುಂದಿನ ಸೀಟಿನವರು ಸೆರಗನ್ನು ಮೂಗಿಗೆ ಹಿಡಿದರು. ಹಿಂದಿನಿಂದ ಯಾರೋ, "ಅದನ್ನ ಮ್ಯಾಲ ಟಾಪಿನ್ಯಾಗ ಇಡಬೇಕಿಲ್ಲೇನು?" ಎಂದು ಗೊಣಗಿದರು. ಆಕೆ ನನ್ನತ್ತ ತಿರುಗಿ, "ತ್ರಾಸ ಆಗಾಕತ್ತೈತೇನ್ರಿ ಅಮ್ಮಾರ?" ಎಂದು ಕೇಳಿದಳು.

"ಇರಲಿ ಬಿಡವ್ವಾ," ಅಂದೆ.

ನಮ್ಮದು ಲಿಂಗ ಕಟ್ಟಿದ ಮನೆ. ತತ್ತಿಯ ಹೆಸರನ್ನು ಕೂಡ ಅಡಿಗೆ ಮನೆಯಲ್ಲಿ ಎತ್ತುತ್ತಿರಲಿಲ್ಲ. ಆದರೂ ಆ ವಾಸನೆ ಬಂದರೆ ನನಗೆ ಹೇಸಿಕೆಗಿಂತ ಮೊದಲು ನೆನಪಾಗುವವನು ಅಪ್ಪ. ಅವನ ಹಿಂದೆಯೇ ಒಂದು ಚಳಿಗಾಲ ಬರುತ್ತದೆ. ರಾಜ್ಯ ಒಂದಾದ ವರ್ಷದ ಚಳಿಗಾಲ.

ಆಗ ನಾನು ಧಾರವಾಡದಲ್ಲಿ ಬಿ.ಎ. ಮುಗಿಸಿ ಮನೆಗೆ ಬಂದಿದ್ದೆ. ದಿನಚರಿ ಬರೆಯುವ ಚಟ ಕಾಲೇಜಿನಲ್ಲಿಯೇ ಹತ್ತಿತ್ತು. ಆದರೆ ಆ ಚಳಿಗಾಲದ ಪುಟಗಳನ್ನು ತೆರೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. "ಗಾಳಿ ಜೋರು. ಅಪ್ಪನಿಗೆ ನಿದ್ದೆ ಬಂತು." "ಕಟ್ಟಿಗೆ ತಂದೆ." ಬಹಳ ದಿನ ಇಷ್ಟೇ. ಉಳಿದದ್ದನ್ನು ತಲೆಯಿಂದ ತೆಗೆದು ಬರೆಯಬೇಕು. ತಲೆಯನ್ನು ನಾನು ಪೂರ್ತಿ ನಂಬುವವಳಲ್ಲ. ಆ ಚಳಿಗಾಲ ಸಮುದ್ರದ ದಂಡೆಯಲ್ಲಿ ಅಪ್ಪನಿಗೂ ನನಗೂ ಸಿಕ್ಕ ನಾಯಿ ಕರೀದಿತ್ತು ಎಂದು ನನ್ನ ತಮ್ಮ ಈಗಲೂ ಹೇಳುತ್ತಾನೆ. ಉಸುಕಿನ ಬಣ್ಣದ್ದು ಎಂದೇ ಅಲ್ಲವೇ ಅದಕ್ಕೆ ಉಸುಕ್ಯಾ ಎಂದು ಹೆಸರಿಟ್ಟದ್ದು ಎಂದರೆ, "ಉಸುಕಿನ್ಯಾಗ ಹೊರಳಾಡತಿತ್ತಲ್ಲ ಅಕ್ಕಾ, ಅದಕ್ಕ," ಎಂದು ಬಾಯಿ ಮುಚ್ಚಿಸುತ್ತಾನೆ. ಅವನು ಸಮುದ್ರಕ್ಕೆ ಬಂದಿರಲೇ ಇಲ್ಲ. ಆದರೂ ಅವನು ಅಷ್ಟು ಗಟ್ಟಿಯಾಗಿ ಹೇಳಿದಾಗ ನನ್ನ ಕಣ್ಣ ಮುಂದಿನ ನಾಯಿಯ ಬೆನ್ನೂ ಒಂದು ಕ್ಷಣ ಕಪ್ಪಾಗುತ್ತದೆ.

ಅಪ್ಪ ಮುಂಡರಗಿಯಲ್ಲಿ ಕನ್ನಡ ಶಾಲೆಯ ಹೆಡ್ ಮಾಸ್ತರ. ಅವನಿಗೆ ದಮ್ಮು. ಎರೆಮಣ್ಣಿನ ಸೀಮೆಯಲ್ಲಿ ಮಳೆ ನಿಂತು ಗಾಳಿ ತಿರುಗಿದ ಮೇಲೆ ಅವನ ಎದೆಯಲ್ಲಿ ಪೀಪಿ ಊದಿದಂತೆ ಸಪ್ಪಳ ಶುರುವಾಗುತ್ತಿತ್ತು. ಜೋಳದ ರಾಶಿ ಮುಗಿದು ಹತ್ತಿ ಬಿಡಿಸುವವರೆಗೂ ಅದು ಬಿಡುತ್ತಿರಲಿಲ್ಲ. ನವೆಂಬರ್ ಒಂದರಂದು ಶಾಲೆಯ ಬಯಲಿನಲ್ಲಿ ಧ್ವಜ ಏರಿಸಿ, ಹುಡುಗರ ಮೆರವಣಿಗೆಯ ಮುಂದೆ ತಾನೇ ನಡೆದ. ನೂರಾರು ಬರಿಗಾಲುಗಳ ಧೂಳು ಎದ್ದಿತ್ತು. ಊರ ಅಗಸಿಯ ಬಾಗಿಲ ಹತ್ತಿರ ಮಾತಾಡಲು ನಿಂತವನು "ಇವತ್ತಿನಿಂದ ನಾವೆಲ್ಲರೂ" ಎಂದು ಶುರು ಮಾಡಿದ. ಆ ವಾಕ್ಯ ಮುಗಿಸಲು ಆಗಲಿಲ್ಲ. ಇಬ್ಬರು ಹಿಡಿದು ಕಟ್ಟೆಗೆ ಕೂಡಿಸಿದರು. ಹುಡುಗರು ಮಾತ್ರ ಭಾಷಣ ಮುಗಿಯಿತೆಂದು ಚಪ್ಪಾಳೆ ತಟ್ಟಿದರು.

ಗದಗಿನ ಡಾಕ್ಟರರು ಎದೆಗೆ ಕಿವಿ ಕೊಟ್ಟು ಕೇಳಿ, "ಮಾಸ್ತರ್ರ, ಈ ಚಳಿಗಾಲ ಈ ಧೂಳಿನ್ಯಾಗ ಕಳದ್ರಿ ಅಂದ್ರ ಮುಂದಿನದು ನಾ ಹೇಳೂದಿಲ್ಲ," ಎಂದರು. "ರಜಾ ಹಾಕ್ರಿ. ಸಮುದ್ರದ ದಂಡಿಗೆ ಹೋಗ್ರಿ. ಸುಗ್ಗಿ ಮುಗಿದ ಮ್ಯಾಲ ಬರ್ರಿ."

ಅವ್ವನಿಗೆ ಹೊಲದ ಕೆಲಸ, ಜೊತೆಗೆ ನಮ್ಮ ಆಯಿ, ಅಂದರೆ ಅಪ್ಪನ ತಾಯಿ. ತಮ್ಮನಿಗೆ ಶಾಲೆ. ನೌಕರಿಯ ಆರ್ಡರ್ ಬರಬಹುದೆಂದು ಕಾಯುತ್ತ ಕೂತವಳು ನಾನೊಬ್ಬಳೇ. ಹುಬ್ಬಳ್ಳಿಯಲ್ಲಿ ಅಪ್ಪನ ಗೆಳೆಯರೊಬ್ಬರ ಹತ್ತಿರ ಯುದ್ಧದ ಕಾಲದ ಒಂದು ಮಿಲಿಟರಿ ಡೇರೆ ಇತ್ತು. ಅದನ್ನು ಕೇಳಿ ಪಡೆದು, ಜೋಳದ ಹಿಟ್ಟಿನ ಚೀಲ, ಶೇಂಗಾ ಚಟ್ನಿ, ಕಬ್ಬಿಣದ ಹಂಚು ಕಟ್ಟಿಕೊಂಡು ನಾವಿಬ್ಬರೂ ಅರಬೈಲ್ ಘಟ್ಟ ಇಳಿದು ಅಂಕೋಲೆಯ ಕಡೆ ಹೋದೆವು.

ಅಲ್ಲಿ ದಂಡೆಯ ಮೇಲೆ ಗಾಳಿಮರಗಳ ಒಂದು ತೋಪು. ಪ್ರತಿ ಚಳಿಗಾಲ ಘಟ್ಟದ ಮೇಲಿನ ರೋಗಿಗಳು ಬಂದು ಅದರ ನೆರಳಲ್ಲಿ ಡೇರೆ ಹಾಕಿಕೊಂಡೋ ತೆಂಗಿನ ಮಡಲಿನ ಗುಡಿಸಲು ಕಟ್ಟಿಕೊಂಡೋ ಇದ್ದು ಹೋಗುವುದು ರೂಢಿ. ತೋಪಿನ ದಕ್ಷಿಣಕ್ಕೆ ಮೀನುಗಾರರ ಕೇರಿ, ಅವರು ಮೀನು ಒಣಗಿಸುವ ಬಯಲು. ಅಪ್ಪ ತೋಪಿನ ಉತ್ತರದ ತುದಿಯನ್ನೇ ಹುಡುಕಿ ಗೂಟ ಹೊಡೆಸಿದ. ಗಾಳಿ ಆ ಕಡೆಯಿಂದ ತಿರುಗಿದ ದಿನ ಶಲ್ಯವನ್ನು ಮೂಗಿಗೆ ಸುತ್ತಿಕೊಂಡು, ಬೆನ್ನು ಅತ್ತ ಮಾಡಿ ಕೂಡುತ್ತಿದ್ದ. ಬಲೆ ಎಳೆಯುವುದನ್ನು ನೋಡಲು ಉಳಿದ ಡೇರೆಯವರೆಲ್ಲ ಓಡುತ್ತಿದ್ದರು. ಅಪ್ಪ ಒಂದು ದಿನವೂ ಹೋಗಲಿಲ್ಲ.

ಕೇರಿಯ ಅಂಚಿನ ಮನೆಯ ನಾಗಮ್ಮ ನಮಗೆ ನೀರು ಕೊಟ್ಟವಳು. ಸಮುದ್ರದಿಂದ ಕೂಗಳತೆಯಲ್ಲಿ, ಉಸುಕಿನಲ್ಲಿ ತೋಡಿದ ಅವಳ ಬಾವಿಯಲ್ಲಿ ಸಿಹಿನೀರು! ಬೇಸಿಗೆ ಬಂದರೆ ಕೊಡ ಹೊತ್ತು ಅಲೆಯುವ ಊರಿನವರು ನಾವು. ಮೊದಲ ದಿನವೇ ಕೊಡ, ತಂಬಿಗೆ, ಬೋಗುಣಿ, ಕೊನೆಗೆ ಹಿಟ್ಟು ನಾದುವ ಪರಾತದಲ್ಲೂ ನೀರು ತುಂಬಿಟ್ಟೆವು. ನಾಗಮ್ಮ ನೋಡಿ ನಕ್ಕಳು.

"ಮಾಸ್ತರೇ, ಬಾವಿ ನಾಳೆ ಎಲ್ಲಿಗಾದ್ರೂ ಹೋಗ್ತದ್ಯಾ?"

"ನಮ್ಮೂರಾಗ ಹೋಗತಾವವ್ವಾ," ಅಂದ ಅಪ್ಪ.

ಅವನಿಗೆ ರಾಜ್ಯ ಒಂದಾದ ಸುದ್ದಿಯನ್ನು ಯಾರಿಗಾದರೂ ಹೇಳಲೇಬೇಕಾಗಿತ್ತು. ಊರಲ್ಲಿ ಅರ್ಧಕ್ಕೆ ನಿಂತ ಭಾಷಣ ಹೊಟ್ಟೆಯಲ್ಲಿಯೇ ಉಳಿದಿತ್ತು. ಒಂದು ಸಂಜೆ ನಾಗಮ್ಮನಿಗೇ ಶುರು ಮಾಡಿದ. "ಇನ್ನ ನೀವೂ ನಾವೂ ಒಂದ ರಾಜ್ಯ ಆದ್ವಿ ನೋಡವ್ವಾ."

"ಹೌದಾ? ಮೊದಲು ನಿಮ್ಮದು ಯಾವ್ದಾಗಿತ್ತು?"

"ಮುಂಬೈ."

"ನಮ್ಮದೂ ಮುಂಬೈಯೇ ಆಗಿತ್ತಲ್ಲ!"

"ಆವಾಗ ಒಬ್ಬರದೊಬ್ಬರಿಗೆ ಗೊತ್ತಿದ್ದಿಲ್ಲ. ಈಗ ಗೊತ್ತಾತಲ್ಲ," ಅಂದ ಅಪ್ಪ. ನಾಗಮ್ಮ ಕೊಡ ಸೊಂಟಕ್ಕೇರಿಸಿ ನಗುತ್ತ ಹೋದಳು. ಎಷ್ಟೋ ವಾರಗಳ ನಂತರ ಅಪ್ಪನೂ ನಕ್ಕದ್ದು ಅಂದೇ ಎಂದು ನನಗೆ ನೆನಪು. ದಿನಚರಿಯಲ್ಲಿ ಮಾತ್ರ ಆ ದಿನದ ಪುಟದಲ್ಲಿ ನಗುವಿನ ಸುದ್ದಿಯೇ ಇಲ್ಲ.

ನಾಯಿ ಬಂದದ್ದು ನಾನು ರೊಟ್ಟಿ ಬಡಿಯುವ ಸಪ್ಪಳಕ್ಕೆ. ತೋಪಿನಲ್ಲಿದ್ದವರು ಅನ್ನ ಉಣ್ಣುವ ಮಲೆನಾಡಿನವರು, ಆ ಸಪ್ಪಳ ಯಾರಿಗೂ ಗೊತ್ತಿರಲಿಲ್ಲ. ಮೊದಮೊದಲು ಅಕ್ಕಪಕ್ಕದವರೂ ಬಂದು ಇಣುಕಿ ನೋಡಿ ಹೋಗುತ್ತಿದ್ದರು. ಅದು ಮಾತ್ರ ಬಂದು ಕೂತೇಬಿಟ್ಟಿತು. ಕಿವಿ ಒಂದು ನೆಟ್ಟಗೆ, ಒಂದು ಮಡಚಿಕೊಂಡು. ಅಪ್ಪ ಬಿಸಿ ರೊಟ್ಟಿಯನ್ನು ಮುರಿದು ಚಾಚಿದ. ಅದು ಕಸಿದುಕೊಳ್ಳಲಿಲ್ಲ, ಹಲ್ಲು ತಾಗದಂತೆ ತುಟಿಯಿಂದ ತೆಗೆದುಕೊಂಡು, ಬಾಲ ಆಡಿಸಿ, ಡೇರೆಯ ಹಿಂದೆ ಹೋಯಿತು.

"ನೋಡಿದಿ? ಎಂಥಾ ಮರ್ಯಾದಿ!" ಅಂದ ಅಪ್ಪ. "ಎದುರಿಗೆ ಉಣ್ಣಾಕ ನಾಚತೈತಿ."

ಅಂದಿನಿಂದ ಅದು ನಮ್ಮದಾಯಿತು. ಮುಂಜಾನೆ ರೊಟ್ಟಿ ತೆಗೆದುಕೊಂಡು ಹೋಗುವುದು, ಆಮೇಲೆ ಎಲ್ಲಿಗೋ ಮಾಯವಾಗುವುದು, ಬಿಸಿಲೇರುವ ಹೊತ್ತಿಗೆ ಬಂದು ಅಪ್ಪನ ಕಾಲ ಬಳಿ ಮಲಗುವುದು. "ತಿರಗಾಡಾಕ ಹೋಗಿತ್ತು," ಎನ್ನುತ್ತಿದ್ದ ಅಪ್ಪ. ಬಲೆ ಬರುವ ಹೊತ್ತೂ ಅದು ಮಾಯವಾಗುವ ಹೊತ್ತೂ ಒಂದೇ ಎಂಬುದು ಅವನಿಗೆ ಹೊಳೆದಿರಲಿಲ್ಲವೇ? ನಾಯಿಯ ಬಾಯಿಯ ವಾಸನೆ ಮೂಗಿಗೆ ಬಡಿದಿರಲಿಲ್ಲವೇ? ಬಡಿದಿರಬೇಕು. ಸಮುದ್ರದ ದಂಡೆಯ ಮೇಲೆ ಎಲ್ಲಕ್ಕೂ ಆ ವಾಸನೆಯೇ ಎಂದುಕೊಂಡಿರಬೇಕು. ದಿನೇ ದಿನೇ ತುಂಬಿಕೊಂಡ ಅದರ ಮೈ ನೇವರಿಸಿ, "ಜ್ವಾಳದ ರೊಟ್ಟಿ ಅಂದ್ರ ಏನಂತ ತಿಳಿದಿ? ಹೆಂಗ ಆಗೈತಿ ನೋಡು," ಎಂದು ಡೇರೆ ಡೇರೆಯವರಿಗೆ ಹೇಳಿದ.

ಅವನ ಮೈಯೂ ತುಂಬಿಕೊಳ್ಳುತ್ತಿತ್ತು. ಬಂದ ಹೊಸತರಲ್ಲಿ ಡೇರೆಯ ಹಗ್ಗ ಹಿಡಿದು ನಿಲ್ಲುತ್ತಿದ್ದವನು, ಉಸುಕ್ಯಾನನ್ನು ಮುಂದೆ ಬಿಟ್ಟು ತೋಪಿನ ಅಂಚಿನವರೆಗೆ ಹೋಗತೊಡಗಿದ. ಸಂಕ್ರಾಂತಿಯ ಹೊತ್ತಿಗೆ ಅಲ್ಲಿಂದ ಆಚೆಗೆ ಹಳ್ಳ ಸಮುದ್ರ ಸೇರುವ ಜಾಗದವರೆಗೆ. ಅವನು ದಣಿದು ನಿಂತರೆ ನಾಯಿಯೂ ನಿಂತು ತಿರುಗಿ ನೋಡುತ್ತಿತ್ತು, ಕೂತರೆ ಕೂಡುತ್ತಿತ್ತು. ದೂರದಿಂದ ನೋಡಿದರೆ ಯಾರು ಯಾರನ್ನು ನಡೆಸುತ್ತಿದ್ದಾರೆ ಎಂದು ತಿಳಿಯುತ್ತಿರಲಿಲ್ಲ. ಅಪ್ಪನ ಎದೆಯ ಪೀಪಿ ಯಾವ ದಿನ ನಿಂತಿತೋ ನನಗೆ ಗೊತ್ತಿಲ್ಲ. ಶುರುವಾದ ದಿನ ಮನಸ್ಸಿನಲ್ಲಿ ಉಳಿಯುತ್ತದೆ, ನಿಂತ ದಿನ ಉಳಿಯುವುದಿಲ್ಲ. ಒಂದು ಬೆಳಿಗ್ಗೆ ಎದ್ದಾಗ ಅಲೆಯ ಸಪ್ಪಳ ಮಾತ್ರ ಕೇಳುತ್ತಿತ್ತು, ಅಷ್ಟೇ.

ಸುಗ್ಗಿ ಮುಗಿದ ಖಬರು ಬಂತು. ಡೇರೆ ಕಿತ್ತೆವು. ಹಿಂದಿನ ಗೂಟ ಎಳೆದಾಗ ಅದರ ಬುಡದಿಂದ ಉಸುಕಿನ ಜೊತೆ ರೊಟ್ಟಿಯ ತುಂಡುಗಳು ಮೇಲೆ ಬಂದವು. ಕೈಯಾಡಿಸಿದರೆ ಇನ್ನೂ ಇದ್ದವು. ಕೆಲವನ್ನು ಏಡಿಗಳು ಕೊರೆದಿದ್ದವು, ಕೆಲವು ಹಪ್ಪಳದಂತೆ ಒಣಗಿದ್ದವು. ಇಡೀ ಚಳಿಗಾಲದ ರೊಟ್ಟಿ ಅಲ್ಲಿತ್ತು ಎಂದು ನನಗೆ ಅನ್ನಿಸಿದ್ದು ಉತ್ಪ್ರೇಕ್ಷೆಯೇ ಇರಬಹುದು. ನಾನು ಅಪ್ಪನ ಮುಖ ನೋಡಿದೆ. ಬೇಜಾರಾಗುತ್ತಾನೆ ಎಂದುಕೊಂಡಿದ್ದೆ. ಅವನು ಮೊಣಕಾಲೂರಿ ಕೂತು, ಕಣ್ಣರಳಿಸಿ ಕೂಗಿದ:

"ಹಗೇವು! ನೋಡಲ್ಲಿ, ಹಗೇವು ಹಾಕೈತಿ!"

ನಮ್ಮ ಸೀಮೆಯಲ್ಲಿ ಜೋಳವನ್ನು ನೆಲದಲ್ಲಿ ಆಳದ ಕುಣಿ ತೆಗೆದು ತುಂಬಿ, ಮೇಲೆ ಮಣ್ಣು ಮುಚ್ಚಿಡುತ್ತಿದ್ದರು. ಅದೇ ಹಗೇವು. ಮಳೆ ಕೈಕೊಟ್ಟ ವರ್ಷ ಅದನ್ನು ತೆರೆದು ಊರು ಉಣ್ಣುತ್ತಿತ್ತು. ಹಗೇವು ಇದ್ದ ಮನೆ ಎಂದರೆ ಮುಂದಿನದನ್ನು ಯೋಚಿಸುವ ಮನೆ. "ಈ ದಂಡಿ ಮ್ಯಾಲಿನ ಮಂದಿಗೆ ನಾಳಿನ ಚಿಂತಿ ಇಲ್ಲ, ದಿನಾ ಸಮುದ್ರ ಕೊಡತೈತಿ," ಅಂದ ಅಪ್ಪ. "ಇದು ಬರಗಾಲ ಕಂಡವರ ಬುದ್ಧಿ. ಇದು ನಮ್ಮ ಕಡೇದವ್ವಾ! ತಪ್ಪಿ ಇಲ್ಲಿ ಹುಟ್ಟೈತಿ."

ಕೂಡಿಡುವವರಿಗೆ ಕೂಡಿಟ್ಟದ್ದೇ ಕಾಣುತ್ತದೆ. ರೊಟ್ಟಿ ಬೇಡವಾಗಿ ಹುಗಿದಿರಬಹುದು ಎಂಬ ಯೋಚನೆ ಅವನಿಗೆ ಬರುವುದು ಸಾಧ್ಯವೇ ಇರಲಿಲ್ಲ. ನನಗೆ ಬಂತೇ? ಬಂತು ಎಂದು ಈಗ ಅನ್ನಿಸುತ್ತದೆ. ಮುಂದಾದದ್ದು ಗೊತ್ತಿರುವುದರಿಂದ ಹಾಗೆ ಅನ್ನಿಸುತ್ತಿರಬಹುದು.

ನಾಗಮ್ಮನನ್ನು ಕೇಳಿದೆವು. "ಅದು ಯಾರದ್ದೂ ಅಲ್ಲ. ಕರ್ಕೊಂಡು ಹೋಗಿ," ಅಂದಳು. "ಇಲ್ಲಿ ನಾಯಿಗೇನು ಬರಗಾಲ?"

ಬಸ್ಸಿನ ಕಂಡಕ್ಟರು ನಾಯಿಯನ್ನು ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಹುಬ್ಬಳ್ಳಿಗೆ ಹೊರಟ ಉಪ್ಪಿನ ಲಾರಿಯೊಂದು ಸಿಕ್ಕಿತು. ಡ್ರೈವರ್ ಹುಸೇನಸಾಬರು ಹುಬ್ಬಳ್ಳಿಯವರು. ನಮ್ಮ ಮಾತು ಕೇಳಿದ್ದೇ ಬಾಗಿಲು ತೆರೆದರು.

"ಬರ್ರಿ ಮಾಸ್ತರ್, ಕುಂಡ್ರಿ. ನಮ್ಮ ಕಡೆ ಮಾತು ಕಿವಿಗೆ ಬಿದ್ದು ತಿಂಗಳಾತು. ನಾಯಿಗೆ ಘಟ್ಟ ಹತ್ತಿ ರೂಢಿ ಐತೇನ್ರಿ?"

"ಇಲ್ಲ. ನನಗೂ ಇಲ್ಲ," ಅಂದ ಅಪ್ಪ.

ಅರಬೈಲ್ ತಿರುವುಗಳಲ್ಲಿ ಉಸುಕ್ಯಾ ಅಪ್ಪನ ತೊಡೆಯ ಮೇಲೆ ತಲೆಯಿಟ್ಟು ನಡುಗುತ್ತಿತ್ತು. ಘಟ್ಟ ಹತ್ತಿದ ಮೇಲೆ ಎದ್ದು ಕಿಟಕಿಗೆ ಮೂಗು ಕೊಟ್ಟು ಹಿಂದಕ್ಕೆ, ಬಂದ ದಾರಿಯ ಕಡೆಗೆ, ಗಾಳಿ ಮೂಸಿತು. ಯಲ್ಲಾಪುರದಲ್ಲಿ ಲಾರಿ ನಿಂತಾಗ ರೊಟ್ಟಿ ಕೊಟ್ಟರೆ ಬಾಯಿಯಲ್ಲಿ ಹಿಡಿದುಕೊಂಡು ಸುತ್ತ ನೋಡಿತು. ಹುಗಿಯಲು ಜಾಗ ಸಿಗದೆ ಕೆಳಗಿಟ್ಟಿತು. "ಹಾದ್ಯಾಗ ಯಾರು ಉಣತಾರ?" ಅಂದ ಅಪ್ಪ.

ಹುಬ್ಬಳ್ಳಿ ಸ್ಟೇಶನ್ನಿನಲ್ಲಿ ನಾಯಿಗೂ ಟಿಕೆಟು ಕೊಟ್ಟರು. ಆದರೆ ಅದು ಗಾರ್ಡಿನ ಡಬ್ಬಿಯಲ್ಲಿದ್ದ ಕಬ್ಬಿಣದ ಪೆಟ್ಟಿಗೆಯೊಳಗೆ ಕೂಡಬೇಕು. ಅದನ್ನು ಒಳಗೆ ಬಿಟ್ಟು ಅಗಳಿ ಹಾಕಿದಾಗ ಅಪ್ಪ ಬೆರಳನ್ನು ಜಾಲರಿಯಿಂದ ತೆಗೆಯಲೇ ಇಲ್ಲ. ನಾನೇ ಕೈ ಹಿಡಿದು ಎಳೆದೆ. ಮುಂದೆ ಗಾಡಿ ನಿಂತ ಪ್ರತಿ ಸ್ಟೇಶನ್ನಿನಲ್ಲೂ ಇಳಿದ. ಅಣ್ಣಿಗೇರಿಯಲ್ಲಿ ಇಳಿದ, ಹುಲಕೋಟಿಯಲ್ಲಿ ಇಳಿದ. ಇಳಿದು, ಧೋತರದ ಚುಂಗು ಕೈಯಲ್ಲಿ ಹಿಡಿದು, ಪ್ಲಾಟ್‌ಫಾರ್ಮಿನ ಉದ್ದಕ್ಕೂ ಗಾರ್ಡಿನ ಡಬ್ಬಿಗೆ ಓಡಿದ.

"ಅಜ್ಜಾರ, ಹೋದ ಸ್ಟೇಶನ್ನಿನ್ಯಾಗ ಇದ್ದ ನಾಯಿನ ಐತ್ರಿ, ಬದಲಾಗಿಲ್ಲ!" ಎಂದು ಗಾರ್ಡು ಹಸಿರು ಬಾವುಟ ಹಿಡಿದು ಕೂಗುತ್ತಿದ್ದ. "ಹತ್ರಿ ಜಲ್ದಿ, ಗಾಡಿ ಬಿಡತೈತಿ!"

ಕಿಟಕಿಯಿಂದ ನೋಡುತ್ತ ಕೂತ ನನಗೆ ಗದಗ ಬರುವ ಹೊತ್ತಿಗೆ ತಟ್ಟನೆ ಹೊಳೆಯಿತು. ಅಪ್ಪ ಓಡುತ್ತಿದ್ದಾನೆ. ದೀಪಾವಳಿಯಲ್ಲಿ ಹಿತ್ತಲಿಗೆ ಹೋಗಿ ಬರಲು ಗೋಡೆ ಹಿಡಿಯುತ್ತಿದ್ದವನು. ಆಗ ನನಗಾದ ಸಂತೋಷದ ಬಗ್ಗೆ ಮಾತ್ರ ನನಗೆ ಯಾವ ಅನುಮಾನವೂ ಇಲ್ಲ.

ಗದಗಿನಿಂದ ಮುಂಡರಗಿಯ ಬಸ್ಸಿನ ಕಂಡಕ್ಟರು ಅಪ್ಪನ ಹಳೆಯ ವಿದ್ಯಾರ್ಥಿ. ನಾಯಿಯನ್ನೂ ಅಪ್ಪನನ್ನೂ ನೋಡಿ, "ಸರ್, ನಿಮ್ಮ ಕಡೆ ಕಲ್ತದ್ದಂದ್ರ ಸುಮ್ಮನ ಕುಂಡರತೈತಿ. ಕಾಲಾಗ ಕುಂಡರಸ್ರಿ," ಎಂದು ಕಣ್ಣು ಮಿಟುಕಿಸಿದ.

ಮನೆಯ ಮುಂದೆ ಆಯಿ ಕಟ್ಟೆಯ ಮೇಲೆ ಕೂತಿದ್ದಳು. ಮಗನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಎದ್ದು ಬಂದು ಎದೆಗೆ ಕಿವಿ ಹಚ್ಚಿ ಕೇಳಿದಳು, ಡಾಕ್ಟರರ ಹಾಗೆ. ಏನೂ ಕೇಳದಿದ್ದಾಗ ಕಣ್ಣೊರೆಸಿಕೊಂಡಳು. ಆಮೇಲೆ ನಾಯಿ ಕಂಡಿತು.

"ಇದೇನೋ ಚನ್ನಪ್ಪಾ?"

"ನಾಯಿ, ಯವ್ವಾ."

"ಅದು ಕಾಣತೈತಿ. ಕಟ್ಟಿ ಕೆಳಗ ಇರಲಿ. ಮ್ಯಾಲ ಬರಬಾರದು."

ಉಸುಕ್ಯಾ ಕಟ್ಟೆಯ ಕೆಳಗೇ ಇತ್ತು. ಆದರೆ ಉಣ್ಣಲಿಲ್ಲ. ಅಪ್ಪನ ಕೈಯಿಂದ ಅದೇ ಮರ್ಯಾದೆಯಿಂದ ರೊಟ್ಟಿ ತೆಗೆದುಕೊಂಡು ಹಿತ್ತಲಿಗೆ ಹೋಗುತ್ತಿತ್ತು. ಬೇಸಿಗೆಯ ಎರೆ ನೆಲ ಕಲ್ಲಿನಂತಾಗಿತ್ತು. ಕಾಲಿನಿಂದ ಕೆರೆದು ಕೆರೆದು ಸೋತು, ರೊಟ್ಟಿಯನ್ನು ಅಲ್ಲೇ ಬಿಟ್ಟು ಬಂದು ಮಲಗುತ್ತಿತ್ತು. ಹಾಲಿನಲ್ಲಿ ನೆನೆಸಿ ಕೊಟ್ಟೆವು, ತುಪ್ಪ ಸವರಿ ಕೊಟ್ಟೆವು, ಬೆಲ್ಲ ಹಾಕಿ ಸಜ್ಜಕ ಮಾಡಿದೆವು. ಹಾಲು ಅಷ್ಟಿಷ್ಟು ನೆಕ್ಕಿತು. ವಾರ ಕಳೆಯುವುದರೊಳಗೆ ಪಕ್ಕೆಲುಬು ಕಾಣತೊಡಗಿದವು. ಓಣಿಯವರು ಹೋಗುತ್ತ ಬರುತ್ತ, "ಮಾಸ್ತರ್ರ, ನಿಮ್ಮ ನಾಯಿ ಶ್ರಾವಣ ಹಿಡದೈತೇನ್ರಿ?" ಎಂದು ಕೇಳುತ್ತಿದ್ದರು.

ಸಂತೆಯ ದಿನ ಅದು ಕಾಣೆಯಾಯಿತು. ಹುಡುಕುತ್ತ ಹೋದ ನನಗೆ ಸಿಕ್ಕಿದ್ದು ಶಾಲೆಯ ಹಿಂದಿನ ಓಣಿಯಲ್ಲಿ, ದುರಗವ್ವನ ಅಂಗಳದಲ್ಲಿ. ದುರಗವ್ವ ಅಂಬಿಗರವಳು, ತುಂಗಭದ್ರೆಯ ದಂಡೆಯ ತವರಿನಿಂದ ಮೀನು ತರಿಸಿ ಸಂತೆಯಲ್ಲಿ ಮಾರುತ್ತಿದ್ದಳು. ಉಸುಕ್ಯಾ ಒಂದು ಒಡಕು ಪರಿಯಾಣದಲ್ಲಿ ಮುಖವಿಟ್ಟು ತಿನ್ನುತ್ತಿತ್ತು. ಬಾಲ ಆಡುತ್ತಿತ್ತು. ನನಗೆ ಮೊದಲು ಅನ್ನಿಸಿದ್ದು ಓಣಿಯವರು ನೋಡುತ್ತಾರೆ ಎಂದು. ಕೊರಳ ಹಗ್ಗ ಹಿಡಿದು ಎಳೆದುಕೊಂಡು ಬಂದೆ.

ಆಯಿಗೆ ಸುದ್ದಿ ನನಗಿಂತ ಮೊದಲು ಮುಟ್ಟಿತ್ತು. "ಆ ಬಾಯಿ ಇನ್ನ ನಮ್ಮ ಅಂಗಳದಾಗ ಬರಬಾರದು," ಅಂದಳು. ಅಪ್ಪ ಹಗ್ಗ ನನ್ನ ಕೈಯಿಂದ ತೆಗೆದುಕೊಂಡು ಹಿತ್ತಲಿನ ಬೇವಿನ ಮರಕ್ಕೆ ಕಟ್ಟಿದ.

"ಹಸಿದವ ಹಳಸಿದ್ದು ಅನ್ನೂದಿಲ್ಲ. ತಾನ ಉಣತೈತಿ," ಅಂದ. ಎಷ್ಟೋ ಹಟಮಾರಿ ಹುಡುಗರನ್ನು ತಿದ್ದಿದ ಮಾಸ್ತರನ ಮಾತು ಅದು. ಆದರೆ ದನಿಯಲ್ಲಿ ಆ ಗಟ್ಟಿತನವಿರಲಿಲ್ಲ. ನಾಯಿ ಹಟ ಮಾಡುತ್ತಿರಲಿಲ್ಲ. ಅವನು ಹೋದಾಗಲೆಲ್ಲ ಎದ್ದು ನಿಲ್ಲುತ್ತಿತ್ತು, ರೊಟ್ಟಿ ತೆಗೆದುಕೊಳ್ಳುತ್ತಿತ್ತು, ಕಾಲ ಮುಂದಿಟ್ಟುಕೊಂಡು ಕೂಡುತ್ತಿತ್ತು. ಆಮೇಲೆ ಏಳುವುದನ್ನೂ ಬಿಟ್ಟಿತು. ಅದಕ್ಕೆ ಬೇಕಾಗಿದ್ದದ್ದು ಮೀನೋ ಸಮುದ್ರವೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಎರಡೂ ನಾವು ಕೊಡಲಾಗದವು ಎಂದು ಆಗ ಅನ್ನಿಸಿತ್ತು.

ಅಪ್ಪನ ಊಟವೂ ತಪ್ಪಿತು. ತಾಟಿನ ಮುಂದೆ ಕೂತು ರೊಟ್ಟಿ ಮುರಿದು, ಮುರಿದದ್ದನ್ನು ಮತ್ತೆ ಮುರಿದು, "ಸಾಕವ್ವಾ," ಎಂದು ಏಳುತ್ತಿದ್ದ. ಅವ್ವ ಬೇರೆ ಪಲ್ಯ ಮಾಡಿದಳು, ಆಯಿ ಬೈದಳು, ಯಾವುದೂ ನಡೆಯಲಿಲ್ಲ. ಚಳಿಗಾಲದಲ್ಲಿ ಬಂದ ಕಸುವು ಕಣ್ಣ ಮುಂದೆಯೇ ಇಳಿಯತೊಡಗಿತು. ಒಂದು ಸಂಜೆ ಅವನು ಹಿತ್ತಲಿನಿಂದ ಒಳಗೆ ಬಂದಾಗ ಎದೆಯಲ್ಲಿ ಆ ಪೀಪಿ ಸಣ್ಣಗೆ ಕೇಳಿತು. ನಾನು ಕೇಳಿದೆ, ಅವ್ವ ಕೇಳಿದಳು. ಕಟ್ಟೆಯ ಮೇಲಿದ್ದ ಆಯಿಯ ಜಪಮಣಿ ನಿಂತಿತು.

ಅವ್ವ ಗಂಡನಿಗೆ ಎದುರು ಮಾತಾಡಿದವಳಲ್ಲ. ಒಲೆಯ ಮುಂದಿನಿಂದ, ತಿರುಗಿ ಕೂಡ ನೋಡದೆ ಅಂದಳು:

"ನಿಮಗ ಇಲ್ಲಿ ಉಸರ ಸಿಗವಲ್ದಂತ ಅದು ಎಲ್ಲಿ ಸಿಗತೈತೋ ಅಲ್ಲಿಗೆ ಕಳಿಸಿದ್ವಿ. ಇಲ್ಲೇ ರೂಢಿ ಆಗತೈತಿ ಅಂತ ಗಿಡಕ್ಕ ಕಟ್ಟಿದ್ದಿಲ್ಲ."

ಅಪ್ಪ ರುಮಾಲು ಸುತ್ತಿಕೊಂಡ, ಕೋಟು ತೊಟ್ಟ. ಶಾಲೆಗೆ ಹೋಗುವ ಹಾಗೆ. ಹಿತ್ತಲಿಗೆ ಹೋಗಿ ಹಗ್ಗ ಬಿಚ್ಚಿದ. ನಾಯಿಗೆ ನಡೆಯಲು ಆಗುತ್ತಿರಲಿಲ್ಲ. ಎತ್ತಿಕೊಂಡ. ಕಟ್ಟೆಯ ಮುಂದಿನಿಂದಲೇ, ಆಯಿಯ ಎದುರಿಗೇ, ಬೀದಿಗಿಳಿದ. ನಾನು ಹಿಂದೆ ಹೋದೆ.

ದುರಗವ್ವ ಅಂಗಳದಲ್ಲಿ ಬುಟ್ಟಿ ತೊಳೆಯುತ್ತಿದ್ದಳು. ನೋಡಿ, ಸೆರಗು ಹೊದ್ದುಕೊಂಡು, ನಕ್ಕಳು. "ಏನ್ರಿ ಮಾಸ್ತರ್ರ, ಹಾದಿ ತಪ್ಪಿ ಬಂದ್ರೇನು?"

"ತಪ್ಪಿಲ್ಲವ್ವಾ. ಇದಕ್ಕ ಹಸಿವ್ಯಾಗೈತಿ."

"ನಿಮ್ಮ ಮನ್ಯಾಗ ರೊಟ್ಟಿ ತೀರ್ಯಾವೇನು?" ಎಂದವಳು ಅಪ್ಪನ ತೋಳಿನಲ್ಲಿ ಜೋತುಬಿದ್ದಿದ್ದ ನಾಯಿಯ ತಲೆ ನೋಡಿ ನಗು ನಿಲ್ಲಿಸಿದಳು. "ಮೊನ್ನಿ ಸಂತಿ ದಿನ ಬಂದಿತ್ರಿ. ಅರ್ಧಾ ಉಂಡಿತ್ತು. ನಿಮ್ಮ ಮಗಳು ಜಗ್ಗಿಕೊಂಡು ಹ್ವಾದ್ರು."

"ಉಣ್ಣೋ ಮುಂದ ಎಬ್ಬಿಸಬಾರದಿತ್ತವ್ವಾ. ತಪ್ಪಾತು," ಅಂದ ಅಪ್ಪ. ಬೀಗರ ಮನೆಯಲ್ಲಿ ಪಂಕ್ತಿಯಿಂದ ಯಾರನ್ನೋ ಎಬ್ಬಿಸಿದಂತೆ ಹೇಳಿದ.

ಅವಳು ಒಳಗೆ ಹೋಗಿ ಅದೇ ಒಡಕು ಪರಿಯಾಣ ತಂದಳು. ಕುದಿಸಿದ ಮೀನಿನ ತಲೆಗಳು, ಮೇಲಿಷ್ಟು ಅದರ ನೀರು. ಇಡುವ ಮೊದಲು ತಡೆದಳು. "ನೀವು ಆ ಕಡೆ ಮಾರಿ ಮಾಡ್ರಿ ಮಾಸ್ತರ್ರ. ನಿಮಗ ಹಿಡಸೂದಿಲ್ಲ."

"ಇರಲಿ. ಉಣ್ಣೂದು ನೋಡತೀನಿ."

ಕಟ್ಟೆಯ ತುದಿಗೆ ಕೂತ. ಉಸುಕ್ಯಾ ಮೊದಲು ನೀರನ್ನು ನೆಕ್ಕಿತು. ಆಮೇಲೆ ಮಲಗಿದಲ್ಲಿಂದಲೇ ಒಂದು ತುಂಡು ಎಳೆದುಕೊಂಡಿತು. ಆಮೇಲೆ ಮುಂಗಾಲೂರಿ ಎದ್ದಿತು. ಅಪ್ಪ ಶಲ್ಯಕ್ಕೆ ಕೈ ಹಾಕಲಿಲ್ಲ.

ಇಲ್ಲಿ ನನ್ನ ಕೈಯನ್ನು ನಾನೇ ಹಿಡಿಯಬೇಕು. ದುರಗವ್ವ ಒಂದು ತಂಬಿಗೆ ನೀರು ತಂದಳು, ಅಪ್ಪ ಕುಡಿದ ಎಂದು ಬರೆಯಲು ಅದು ತಾನಾಗಿಯೇ ಮುಂದಾಗುತ್ತದೆ. ಮೊಮ್ಮಕ್ಕಳಿಗೆ ಕತೆ ಹೇಳುವಾಗ ಒಂದೆರಡು ಸಲ ಹಾಗೇ ಹೇಳಿದ್ದೂ ಇದೆ; ಹೇಳಿ ಹೇಳಿ ಆ ತಂಬಿಗೆಯ ಹೊಳಪು ಕೂಡ ನನಗೆ ಕಾಣುತ್ತದೆ. ಆದರೆ ಅವಳು ನೀರು ತರಲಿಲ್ಲ. ಅಪ್ಪ ಕೇಳಲೂ ಇಲ್ಲ. ಅವಳ ಮನೆಯ ತಂಬಿಗೆಗೆ ಅವನು ಬಾಯಿ ಹಚ್ಚುವಂತಿಲ್ಲ ಎಂಬುದು ಆ ಕಾಲದಲ್ಲಿ ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಮುಂದೆ ಎಷ್ಟೋ ವರ್ಷ ಅಪ್ಪ ಆ ಕಟ್ಟೆಯ ಮೇಲೆ ಕೂತ. ಎಂದಾದರೂ ಕುಡಿದನೋ ಇಲ್ಲವೋ, ನಾನು ನೌಕರಿಯೆಂದು ಶಿರಹಟ್ಟಿಗೆ ಹೋದವಳು, ನನಗೆ ತಿಳಿಯದು. ಅಂದು ಅವನು ಮಾಡಿದ್ದು ಮುಖ ತಿರುಗಿಸದೆ ನೋಡಿದ್ದು, ಅಷ್ಟೇ.

ಪರಿಯಾಣ ಬರಿದಾದ ಮೇಲೆ ಎದ್ದ. "ನಾಳೆ ಇದ ಹೊತ್ತಿಗೆ ಬರಲೇನವ್ವಾ?"

"ನೀವ್ಯಾಕ ಬರತೀರಿ? ಬಿಟ್ಟರ ತಾನ ಬರತೈತಿ."

"ಒಬ್ಬರ ಮನಿಗೆ ಉಣ್ಣಾಕ ಕಳಸೂದಂದ್ರ ಬಿಟ್ಟು ಬಿಡೂದಲ್ಲ. ನಾ ಕರಕೊಂಡು ಬರತೀನಿ."

"ಬರ್ರಿ ಹಂಗಾರ," ಅಂದಳು ದುರಗವ್ವ. "ಸಂತಿ ದಿನ ಮಾತ್ರ ತಡಾ ಆಗತೈತಿ. ಬೈಬ್ಯಾಡ್ರಿ ಮತ್ತ."

ಬರುವಾಗ ಉಸುಕ್ಯಾ ನಡೆದುಕೊಂಡೇ ಬಂದಿತು. ತೂರಾಡುತ್ತ, ಎರಡು ಕಡೆ ಕೂತು, ನಡೆಯಿತು. ಅಪ್ಪನೂ ನಿಂತು ನಿಂತು ನಡೆದ. ಓಣಿಯವರು ನೋಡಿದರು. ಅಂದು ಯಾರೂ ಶ್ರಾವಣದ ಮಾತೆತ್ತಲಿಲ್ಲ.

ಆಯಿ ಕಟ್ಟೆಯ ಮೇಲೆ ಹಾಗೇ ಕೂತಿದ್ದಳು. ಮೀನಿನ ವಾಸನೆ ನಮಗಿಂತ ಮೊದಲು ಅವಳನ್ನು ಮುಟ್ಟಿರಬೇಕು. ಅಪ್ಪ ಅಂಗಳದ ನಡುವೆ ನಿಂತ. ನಾಯಿ ಅವನ ಕಾಲಿಗೆ ಒರಗಿ ನಿಂತಿತು. ಆಯಿ ಅದರ ಮೂತಿ ನೋಡಿದಳು, ಹೊಟ್ಟೆ ನೋಡಿದಳು. ಆಮೇಲೆ ಮಗನ ಇಳಿದ ಮುಖ ನೋಡಿದಳು. ಕಣ್ಣು ಅಲ್ಲೇ ಬಹಳ ಹೊತ್ತು ನಿಂತಿತು.

"ಉಂಡಿತೇನೋ?" ಎಂದು ಕೇಳಿದಳು.

"ಹೂಂ, ಉಂಡಿತು."

"ಹೊಟ್ಟಿ ತುಂಬ?"

"ಹೊಟ್ಟಿ ತುಂಬ, ಯವ್ವಾ."

ಆಯಿ ಬಾಗಿಲ ಕಡೆಗೆ ತಿರುಗಿ, ಒಳಗಿದ್ದ ಅವ್ವನಿಗೆ ಕೇಳುವಂತೆ ಕೂಗಿದಳು:

"ಪಾರವ್ವಾ, ಇನ್ನ ನನ್ನ ಮಗಗ ಬಡಸವ್ವಾ."